ಹೊಸ ಮನೆಗಳೂ ವಿದ್ಯುದ್ವಾಹನಗಳೂ

ವಿಶಾಖಪಟ್ಟಣದಿಂದ ಕಡಲ ತೀರದ ಹಾದಿಯನ್ನು ಹಿಡಿದು ಭೀಮಿಲಿಯ ಕಡೆಗೆ ಹೊರಟರೆ ನಡುವೆ ಸಿಕ್ಕುವ ಋಷಿಕೊಂಡವನ್ನು ಕಾಣದ ಮಕ್ಕಳು ನಮ್ಮ ಶಾಲೆಯಲ್ಲಿ ವಿರಳ. ಒಂದು ಪಾರ್ಶ್ವದಲ್ಲಿ ಸಮುದ್ರ, ಇನ್ನೊಂದು ಪಾರ್ಶ್ವದಲ್ಲಿ ಕೆಂಪು ಮಣ್ಣಿನ ಗುಡ್ಡಗಳು. ನಡುವೆ 2020ರಲ್ಲಿ ನೀಲಿ ಧ್ವಜದ ಮನ್ನಣೆ ಪಡೆದ ಮರಳ ದಂಡೆ. ‘ಕೊಂಡ’ವೆಂದರೆ ಕನ್ನಡಿಗರಾದ ನಮಗೆ ಜಾತ್ರೆಯಲ್ಲಿ ಹಾಯುವ ಕೆಂಡದ ಕುಳಿ ನೆನಪಾಗುತ್ತದೆ, ತೆಲುಗಿನಲ್ಲಿ ಅದೇ ಪದಕ್ಕೆ ಬೆಟ್ಟವೆಂದು ಅರ್ಥ. ಪರನಾಡಿನಲ್ಲಿ ಬದುಕುವವರು ಇಂತಹ ಸಣ್ಣ ಬೆರಗುಗಳನ್ನು ದಿನವೂ ಅನುಭವಿಸುತ್ತಾರೆ.

ಕಳೆದ ಚಳಿಗಾಲದಲ್ಲಿ ಮಕ್ಕಳನ್ನು ಅಲ್ಲಿಗೆ ವಿಹಾರಕ್ಕೆ ಕರೆದೊಯ್ದಿದ್ದಾಗ ಏಳನೆಯ ತರಗತಿಯ ಬಾಲಕನೊಬ್ಬನು ರಸ್ತೆಯ ಬದಿಯ ದೊಡ್ಡ ಜಾಹೀರಾತೊಂದನ್ನು ತೋರಿಸಿದನು. ಕಟ್ಟಲಾಗುತ್ತಿರುವ ಬಹುಮಹಡಿ ವಸತಿಗೃಹವೊಂದರ ಜಾಹೀರಾತು ಅದು. ಈಜುಕೊಳ, ಉದ್ಯಾನ, ವ್ಯಾಯಾಮಶಾಲೆ ಇವುಗಳ ಸಾಲಿನಲ್ಲಿಯೇ ‘ವಿದ್ಯುದ್ವಾಹನಗಳಿಗೆ ಸಿದ್ಧ’ ಎಂಬ ಅರ್ಥದ ಮಾತು ಬರೆದಿತ್ತು. “ಗುರುಗಳೇ, ಮನೆ ಸಿದ್ಧವಾಗುವುದೆಂದರೇನು? ವಾಹನ ಕೊಂಡವರು ಅದಕ್ಕೆ ಬೇಕಾದ ತಂತಿಯನ್ನು ತಾವೇ ಎಳೆದುಕೊಂಡರಾಗದೇ?” ಎಂದು ಆತನು ಕೇಳಿದನು. ಪ್ರಶ್ನೆ ಚಿಕ್ಕದು, ಉತ್ತರವೋ ದೊಡ್ಡದು. ದಾರಿಯಲ್ಲಿ ನಿಂತು ಹೇಳಲಾರದ ಆ ಉತ್ತರವನ್ನು ಈ ವಾರ್ಷಿಕ ಸಂಚಿಕೆಯ ಮೂಲಕ ಹೇಳಲು ಯತ್ನಿಸುತ್ತೇವೆ.

ತಂತಿಯನ್ನು ತಾನೇ ಎಳೆದುಕೊಂಡವನೊಬ್ಬನನ್ನು ನಾವು ಬಲ್ಲೆವು. ನಾವು ಬಾಡಿಗೆಗಿರುವ ಹಳೆಯ ಕಟ್ಟಡದ ಮೂರನೆಯ ಅಂತಸ್ತಿನಲ್ಲಿ ಒಬ್ಬ ತರುಣನಿದ್ದನು. ಮನೆಮನೆಗೆ ಊಟದ ಪೊಟ್ಟಣಗಳನ್ನು ತಲುಪಿಸುವುದು ಅವನ ವೃತ್ತಿ. ಪೆಟ್ರೋಲಿನ ವೆಚ್ಚವನ್ನು ತಾಳಲಾರದೆ ಸಾಲಮಾಡಿ ಒಂದು ವಿದ್ಯುತ್ ಸ್ಕೂಟರನ್ನು ಕೊಂಡನು. ವಾಹನ ನಿಲ್ಲುವುದು ನೆಲದಂತಸ್ತಿನಲ್ಲಿ, ಅವನ ಮೀಟರಿನ ವಿದ್ಯುತ್ತು ಸಿಕ್ಕುವುದು ಮೂರನೆಯ ಅಂತಸ್ತಿನಲ್ಲಿ. ಆದುದರಿಂದ ಪ್ರತಿ ರಾತ್ರಿ ತನ್ನ ಮೊಗಸಾಲೆಯಿಂದ ಒಂದು ತೆಳುವಾದ ತಂತಿಯನ್ನು, ಎರಡು ಮೂರು ಕಡೆ ಗಂಟುಹಾಕಿ, ಕೆಳಗಿಳಿಸುತ್ತಿದ್ದನು. ಒಂದು ಮಳೆಯ ರಾತ್ರಿ ಗಂಟೊಂದು ಕಾದು ಕರಗಿ, ಗೋಡೆ ಕಪ್ಪಾಯಿತು. ಯಾರಿಗೂ ಅಪಾಯವಾಗಲಿಲ್ಲವೆಂಬುದು ದೈವಕೃಪೆ. ಮರುದಿನ ಮನೆಗಳ ಒಡೆಯರು ಸಭೆ ಸೇರಿ, ಇನ್ನು ಮುಂದೆ ಯಾರೂ ತಂತಿಯನ್ನು ಇಳಿಬಿಡಕೂಡದೆಂದು ಕಟ್ಟಪ್ಪಣೆ ಮಾಡಿದರು. ಅವರ ಭಯವೂ ನಿಜವೇ. ತರುಣನ ಕಷ್ಟವೂ ನಿಜವೇ. ತಪ್ಪು ಯಾರದು? ವಿಚಾರಿಸಿ ನೋಡಿದರೆ, ಮನುಷ್ಯರಿಗಿಂತ ಹೆಚ್ಚಾಗಿ ಕಟ್ಟಡದ್ದು. ಆ ಕಟ್ಟಡವನ್ನು ಕಟ್ಟಿದಾಗ ಇಂತಹ ವಾಹನವೊಂದು ಬಂದೀತೆಂದು ಯಾರೂ ಎಣಿಸಿರಲಿಲ್ಲ.

ಮೊದಲು ಅಳತೆಯ ಮಾತನ್ನು ತಿಳಿದುಕೊಳ್ಳೋಣ. ಒಂದು ಕಿಲೋವಾಟ್ ಸಾಮರ್ಥ್ಯದ ಉಪಕರಣವು ಒಂದು ಗಂಟೆ ಕೆಲಸಮಾಡಿದರೆ ವೆಚ್ಚವಾಗುವ ಶಕ್ತಿಯೇ ಒಂದು ಯೂನಿಟ್. ಸಾಧಾರಣವಾದ ವಿದ್ಯುತ್ ಸ್ಕೂಟರಿನ ಬ್ಯಾಟರಿಯಲ್ಲಿ ಸುಮಾರು ಮೂರು ಯೂನಿಟ್ ಹಿಡಿಯುತ್ತದೆ; ಸಣ್ಣ ಕಾರಿನಲ್ಲಿ ಸುಮಾರು ಮೂವತ್ತು. ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿನ ಒತ್ತಡ 230 ವೋಲ್ಟ್. ದೊಡ್ಡ ಗಾತ್ರದ 15 ಆಂಪೇರ್ ಸಾಕೆಟ್ಟಿನಿಂದ ಹೆಚ್ಚೆಂದರೆ 230ನ್ನು 15ರಿಂದ ಗುಣಿಸಿದಷ್ಟು, ಎಂದರೆ 3,450 ವಾಟ್, ಸ್ಥೂಲವಾಗಿ ಮೂರೂವರೆ ಕಿಲೋವಾಟ್ ಪಡೆಯಬಹುದು. ನಿಧಾನಗತಿಯ ಸಾಮಾನ್ಯ ಚಾರ್ಜಿಂಗ್ ಬಿಂದುವಿನ ಸಾಮರ್ಥ್ಯ 3.3 ಕಿಲೋವಾಟ್ ಆಗಿರುವುದು ಇದೇ ಕಾರಣದಿಂದ. ಇದರಿಂದ ಪೂರ್ತಿ ಬರಿದಾದ ಸಣ್ಣ ಕಾರು ತುಂಬಲು ಸುಮಾರು ಒಂಬತ್ತು ಗಂಟೆ ಬೇಕು. ಪೆಟ್ರೋಲ್ ಬಂಕಿನಲ್ಲಿ ಐದು ನಿಮಿಷ ನಿಂತು ಹೋಗುವಂತಹ ಕಾರ್ಯ ಇದಲ್ಲ. ವಾಹನವು ಎಲ್ಲಿ ರಾತ್ರಿಯನ್ನು ಕಳೆಯುವುದೋ ಅಲ್ಲಿಯೇ, ದನವು ಕೊಟ್ಟಿಗೆಯಲ್ಲಿ ಮೆಲುಕು ಹಾಕುವಂತೆ, ನಿಧಾನವಾಗಿ ಮೇಯಬೇಕು. ಆದುದರಿಂದಲೇ ವಿದ್ಯುದ್ವಾಹನದ ಸಮಸ್ಯೆಯು ರಸ್ತೆಯ ಸಮಸ್ಯೆಯಾಗಿರುವುದಕ್ಕಿಂತ ಹೆಚ್ಚಾಗಿ ಮನೆಯ ಸಮಸ್ಯೆಯಾಗಿದೆ.

ಇನ್ನು ತಂತಿ ಏಕೆ ಕಾಯುತ್ತದೆ? ವಿದ್ಯುತ್ತು ಹರಿಯುವಾಗ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದೆಂದು ಮೇಲಿನ ತರಗತಿಯವರು ಜೌಲನ ನಿಯಮದಲ್ಲಿ ಓದಿರುವಿರಿ. ಸ್ಕೂಟರು ನಾಲ್ಕು ಆಂಪೇರ್ ಎಳೆಯುವಾಗ ಹುಟ್ಟುವ ಶಾಖಕ್ಕಿಂತ, ಅದೇ ತಂತಿಯಲ್ಲಿ ಹದಿನಾರು ಆಂಪೇರ್ ಹರಿದರೆ ಹುಟ್ಟುವ ಶಾಖವು ನಾಲ್ಕು ಪಟ್ಟಲ್ಲ, ಹದಿನಾರು ಪಟ್ಟು. ಅದೂ ಅಲ್ಲದೆ ಸಡಿಲವಾದ ಗಂಟಿನಲ್ಲಿ ಪ್ರತಿರೋಧ ಹೆಚ್ಚು. ಶಾಖವೆಲ್ಲ ಅಲ್ಲಿಯೇ ಕೂಡಿಕೊಳ್ಳುತ್ತದೆ. ಇಸ್ತ್ರಿಪೆಟ್ಟಿಗೆಯನ್ನು ಅರ್ಧ ಗಂಟೆ ಉಪಯೋಗಿಸಿ ಆರಿಸುತ್ತೇವೆ. ವಾಹನವಾದರೋ ನಾಲ್ಕಾರು ಗಂಟೆ, ಎಲ್ಲರೂ ನಿದ್ರಿಸುತ್ತಿರುವ ಹೊತ್ತಿನಲ್ಲಿ, ಬಿಡುವಿಲ್ಲದೆ ವಿದ್ಯುತ್ತನ್ನು ಎಳೆಯುತ್ತದೆ. ಕಾಯುವವರಿಲ್ಲದ ಒಲೆ ಅದು.

ವಿಜಯವಾಡದಲ್ಲಿ 2022ರ ಏಪ್ರಿಲ್ ತಿಂಗಳಲ್ಲಿ ನಡೆದ ದುರಂತವನ್ನು ಇಲ್ಲಿ ನೆನೆಯಬೇಕು. ಹೊಸದಾಗಿ ಕೊಂಡ ಸ್ಕೂಟರಿನ ಬ್ಯಾಟರಿಯನ್ನು ಕಳಚಿ ತಂದು ಮಲಗುವ ಕೋಣೆಯಲ್ಲಿ ಚಾರ್ಜಿಗೆ ಇಟ್ಟಿದ್ದರು. ಬೆಳಗಿನ ಜಾವ ಅದು ಸಿಡಿಯಿತು. ಮನೆಯ ಯಜಮಾನನು ತೀರಿಕೊಂಡನು. ಆತನ ಪತ್ನಿಗೆ ತೀವ್ರವಾದ ಸುಟ್ಟಗಾಯಗಳಾದವು. ಲಿಥಿಯಂ ಬ್ಯಾಟರಿಯ ಒಂದು ಕೋಶವು ಮಿತಿಮೀರಿ ಕಾದರೆ ಪಕ್ಕದ ಕೋಶವನ್ನೂ ಕಾಯಿಸುತ್ತದೆ. ಉರಿಯುವ ಅನಿಲಗಳು ಹೊರಬರುತ್ತವೆ. ಆ ಬೆಂಕಿಯನ್ನು ನಂದಿಸುವುದು ಬಹಳ ಕಷ್ಟ. ಆ ವರ್ಷ ಇಂತಹ ಹಲವು ಅವಘಡಗಳಾದ ಮೇಲೆ ಬ್ಯಾಟರಿಗಳ ಪರೀಕ್ಷೆಯ ನಿಯಮಗಳನ್ನು 2022ರ ಡಿಸೆಂಬರ್‌ನಿಂದ ಮೊದಲ್ಗೊಂಡು ಬಿಗಿಗೊಳಿಸಲಾಯಿತು. ಇದು ಬ್ಯಾಟರಿಯನ್ನು ಕುರಿತ ಮಾತಾಯಿತು. ಆದರೆ ವಾಹನ ನಿಲ್ಲುವ ಸ್ಥಳದಲ್ಲಿಯೇ ಗಾಳಿಯಾಡುವ ಜಾಗದಲ್ಲಿ ಒಂದು ಚಾರ್ಜಿಂಗ್ ಬಿಂದುವಿದ್ದರೆ ಬ್ಯಾಟರಿಯನ್ನು ಹೊತ್ತು ಹಾಸಿಗೆಯ ಬಳಿಗೆ ತರುವ ಅಗತ್ಯವೇ ಬಹುಮಟ್ಟಿಗೆ ತಪ್ಪುತ್ತದೆ. ಕಟ್ಟಡದ ಯೋಜನೆಗೂ ಮನುಷ್ಯರ ಪ್ರಾಣಕ್ಕೂ ಇರುವ ಸಂಬಂಧ ಇದು.

ಈ ಕಾರಣಗಳಿಂದ ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯವು 2019ರ ಫೆಬ್ರವರಿಯಲ್ಲಿ, 2016ರ ಮಾದರಿ ಕಟ್ಟಡ ಉಪವಿಧಿಗಳಿಗೆ ತಿದ್ದುಪಡಿಯನ್ನು ಪ್ರಕಟಿಸಿತು. ಅದರ ಮುಖ್ಯಾಂಶಗಳು ಎರಡು. ಒಂದನೆಯದಾಗಿ, ಕಟ್ಟಡದ ಆವರಣದಲ್ಲಿ ಎಷ್ಟು ವಾಹನಗಳು ನಿಲ್ಲಬಹುದೋ ಅದರ ನೂರಕ್ಕೆ ಇಪ್ಪತ್ತರಷ್ಟು ಸ್ಥಳಕ್ಕೆ ಚಾರ್ಜಿಂಗ್ ವ್ಯವಸ್ಥೆ ಇರಬೇಕು. ಎರಡನೆಯದಾಗಿ, ಎಲ್ಲ ಚಾರ್ಜಿಂಗ್ ಬಿಂದುಗಳೂ ಒಮ್ಮೆಗೇ ಕೆಲಸಮಾಡಿದರೆ ಎಷ್ಟು ವಿದ್ಯುತ್ತು ಬೇಕೋ ಅದಕ್ಕೆ ಒಂದೂಕಾಲು ಪಟ್ಟಿನಷ್ಟು ಹೆಚ್ಚುವರಿ ಸಾಮರ್ಥ್ಯವನ್ನು ಕಟ್ಟಡಕ್ಕೆ ಮೊದಲೇ ಒದಗಿಸಿರಬೇಕು. ಗುಂಪು ವಸತಿಗಳಲ್ಲಿ ಮೂರು ವಿದ್ಯುತ್ ಕಾರುಗಳಿಗೊಂದು, ಎರಡು ಸ್ಕೂಟರುಗಳಿಗೊಂದು ನಿಧಾನಗತಿಯ ಬಿಂದು ಇರಬೇಕೆಂದೂ ಆ ಮಾದರಿಯು ಸೂಚಿಸುತ್ತದೆ.

ಲೆಕ್ಕಮಾಡಿ ನೋಡೋಣ. ಋಷಿಕೊಂಡದ ಹೊಸ ವಸತಿಗೃಹವೊಂದರಲ್ಲಿ ನೂರು ಕಾರುಗಳು ನಿಲ್ಲುವ ಸ್ಥಳವಿದೆಯೆಂದು ಭಾವಿಸಿ. ನೂರಕ್ಕೆ ಇಪ್ಪತ್ತರಂತೆ ಇಪ್ಪತ್ತು ಸ್ಥಳಗಳು. ಕಟ್ಟುವವನು ಉದಾರಿಯಾಗಿ ಒಂದೊಂದಕ್ಕೂ 3.3 ಕಿಲೋವಾಟಿನ ಬಿಂದುವನ್ನು ಇಟ್ಟನೆನ್ನಿ. ಒಟ್ಟು 66 ಕಿಲೋವಾಟ್; ಒಂದೂಕಾಲು ಪಟ್ಟು ಮಾಡಿದರೆ 82.5 ಕಿಲೋವಾಟ್. ಕಟ್ಟಡದ ಟ್ರಾನ್ಸ್‌ಫಾರ್ಮರ್, ತಂತಿಗಳ ದಪ್ಪ, ರಕ್ಷಣಾ ಉಪಕರಣಗಳು, ಇವೆಲ್ಲವನ್ನೂ ಈ ಹೊರೆಯನ್ನು ಕೂಡಿಸಿಕೊಂಡೇ ಆರಿಸಬೇಕಾಗುತ್ತದೆ. ಮನೆ ಕಟ್ಟಿದ ಮೇಲೆ ಇಷ್ಟು ಹೊರೆಯನ್ನು ಸೇರಿಸುವುದೆಂದರೆ ಮದುವೆಯೂಟಕ್ಕೆ ಎಲೆ ಹಾಕಿದ ಮೇಲೆ ಅಕ್ಕಿ ಕೊಳ್ಳಲು ಹೊರಟಂತೆ.

ಜಾಣ ವಿದ್ಯಾರ್ಥಿಯೊಬ್ಬನು ಇಲ್ಲಿ ಆಕ್ಷೇಪಿಸಬಹುದು: “ಇಪ್ಪತ್ತು ಕಾರುಗಳೂ ಒಮ್ಮೆಗೇ ಪೂರ್ತಿ ತುಂಬಬೇಕಾದುದು ಎಂದು?” ಆಕ್ಷೇಪವು ಸರಿಯೇ. ನಗರದ ಕಾರು ದಿನಕ್ಕೆ ಮೂವತ್ತೈದು ಕಿಲೋಮೀಟರ್ ಓಡಿತೆನ್ನಿ. ಯೂನಿಟ್ಟಿಗೆ ಸುಮಾರು ಏಳು ಕಿಲೋಮೀಟರಿನಂತೆ ಅದಕ್ಕೆ ಬೇಕಾದುದು ಐದೇ ಯೂನಿಟ್. ಒಂದೂವರೆ ಗಂಟೆಯ ಕೆಲಸ. ಇಪ್ಪತ್ತು ಕಾರುಗಳಿಗೆ ನೂರು ಯೂನಿಟ್. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗಿನ ಎಂಟು ಗಂಟೆಗಳಲ್ಲಿ ಸರದಿಯ ಮೇಲೆ ಹಂಚಿದರೆ ಕೇವಲ ಹನ್ನೆರಡೂವರೆ ಕಿಲೋವಾಟ್ ಸಾಕು. ಹೀಗೆ ಸರದಿಯನ್ನು ತಾನೇ ನಡೆಸುವ ಯಂತ್ರಗಳು ಈಗ ಇವೆ. ಒಂದು ವಾಹನ ತುಂಬುತ್ತಲೇ ಇನ್ನೊಂದಕ್ಕೆ ವಿದ್ಯುತ್ತನ್ನು ಬಿಡುತ್ತವೆ. ಕಟ್ಟಡದಲ್ಲಿ ಲಿಫ್ಟು, ನೀರಿನ ಪಂಪುಗಳ ಬಳಕೆ ಹೆಚ್ಚಾದಾಗ ತಾವು ತಗ್ಗುತ್ತವೆ.

ಈ ಸರದಿಯ ತತ್ತ್ವ ನಮಗೆ ಹೊಸದಲ್ಲ. ನಾವು ಹುಟ್ಟಿ ಬೆಳೆದ ಬಳ್ಳಾರಿ ಸೀಮೆಯ ಹಳ್ಳಿಯಲ್ಲಿ ತ್ರೀ ಫೇಸ್ ವಿದ್ಯುತ್ತು ದಿನಕ್ಕೆ ಕೆಲವೇ ಗಂಟೆಗಳು, ಅದೂ ಹಲವು ಸಲ ನಡುರಾತ್ರಿಯಲ್ಲಿ ಬರುತ್ತಿತ್ತು. ಬಂದ ಕ್ಷಣವೇ ಎಲ್ಲ ರೈತರೂ ಪಂಪುಗಳನ್ನು ಹಾಕಿದರೆ ಊರವರು ಟಿ.ಸಿ. ಎಂದು ಕರೆಯುವ ಟ್ರಾನ್ಸ್‌ಫಾರ್ಮರು ಸುಟ್ಟುಹೋಗುವುದು. ಆ ಮೇಲೆ ಹೊಸದು ಬರುವವರೆಗೆ ಯಾರ ಹೊಲಕ್ಕೂ ನೀರಿಲ್ಲ. ಅದನ್ನರಿತ ಹಿರಿಯರು ಹೊಲಗಳ ಪಾಳಿಯನ್ನು ಗೊತ್ತುಮಾಡಿದ್ದರು. ನಮ್ಮ ತಂದೆಯವರು ತಮ್ಮ ಪಾಳಿಗಾಗಿ ಕಂದೀಲು ಹಿಡಿದು ಕಾಯುತ್ತಿದ್ದುದನ್ನು ನಾವು ಮರೆತಿಲ್ಲ. ಹಳ್ಳಿಯ ರೈತರು ಒಪ್ಪಂದದಿಂದ ಮಾಡಿದುದನ್ನೇ ಇಂದು ನಗರದ ವಸತಿಗೃಹವು ಯಂತ್ರದ ನೆರವಿನಿಂದ ಮಾಡುತ್ತದೆ. ಹಾಗಿದ್ದರೂ ಪಾಳಿಯು ನಡೆಯಬೇಕಾದರೆ ಕಾಲುವೆಯು ಮೊದಲು ಇರಬೇಕಷ್ಟೆ. ಆ ಕಾಲುವೆಯೆಂದರೆ, ಮೀಟರುಗಳ ಕೋಣೆಯಿಂದ ಪ್ರತಿಯೊಂದು ವಾಹನದ ನೆಲೆಗೂ ಹೋಗುವ ಬರಿದಾದ ಕೊಳವೆಗಳು. ಕಾಂಕ್ರೀಟು ಹಾಕುವಾಗಲೇ ಈ ಕೊಳವೆಗಳನ್ನು ಹುದುಗಿಸಿಟ್ಟರೆ ಮುಂದೆ ವಾಹನ ಕೊಂಡವನು ಅದರೊಳಗೆ ತಂತಿಯನ್ನು ಸೇರಿಸಿದರಾಯಿತು. ಇಲ್ಲವಾದರೆ ಗೋಡೆಯನ್ನು ಒಡೆಯಬೇಕು, ನೆಲವನ್ನು ಅಗೆಯಬೇಕು, ನೆರೆಯವರ ಒಪ್ಪಿಗೆಯನ್ನು ಬೇಡಬೇಕು.

ಹೊರದೇಶಗಳಲ್ಲಿಯೂ ಇದೇ ವಿಚಾರ ನಡೆದಿದೆ. ಯೂರೋಪಿನ ಒಕ್ಕೂಟವು 2018ರ ನಿರ್ದೇಶನದಲ್ಲಿ, ಹತ್ತಕ್ಕಿಂತ ಹೆಚ್ಚು ವಾಹನಗಳು ನಿಲ್ಲುವ ಹೊಸ ವಸತಿ ಕಟ್ಟಡಗಳಲ್ಲಿ ಪ್ರತಿ ನೆಲೆಗೂ ತಂತಿಯ ಕೊಳವೆ ಇರಬೇಕೆಂದಿತು. ಇಂಗ್ಲೆಂಡಿನಲ್ಲಿ 2022ರ ಜೂನ್ ತಿಂಗಳಿನಿಂದ, ವಾಹನ ನಿಲ್ಲುವ ಸ್ಥಳವಿರುವ ಪ್ರತಿ ಹೊಸ ಮನೆಗೂ ಕನಿಷ್ಠ 7 ಕಿಲೋವಾಟಿನ ಒಂದು ಚಾರ್ಜಿಂಗ್ ಬಿಂದು ಇರಬೇಕೆಂಬ ನಿಯಮವು ಜಾರಿಗೆ ಬಂದಿತು. ವೆಚ್ಚವು ಮಿತಿಮೀರುವ ಕಡೆ ಕೊಳವೆಯನ್ನಾದರೂ ಬಿಟ್ಟಿರಬೇಕು. ದೇಶ ಬೇರೆಯಾದರೂ ಯುಕ್ತಿಯೊಂದೇ: ಯಂತ್ರವನ್ನು ನಾಳೆ ಕೊಳ್ಳಬಹುದು, ದಾರಿಯನ್ನು ಇಂದೇ ಬಿಡಬೇಕು.

ಋಷಿಕೊಂಡದಂತಹ ಕಡಲತೀರದಲ್ಲಿ ಇನ್ನೂ ಕೆಲವು ಎಚ್ಚರಿಕೆಗಳು ಅಗತ್ಯ. ಉಪ್ಪಿನ ಗಾಳಿಯು ಲೋಹವನ್ನು ತಿನ್ನುತ್ತದೆ. ಕಿಟಕಿಯ ಕಂಬಿಗಳು ತುಕ್ಕುಹಿಡಿಯುವುದನ್ನು ನೀವು ನಿತ್ಯವೂ ಕಾಣುತ್ತೀರಿ. ವಿದ್ಯುತ್ ಬಂಧಗಳಿಗೂ ಅದೇ ಗತಿ. ಕಿಲುಬು ಹಿಡಿದ ಬಂಧದಲ್ಲಿ ಪ್ರತಿರೋಧ ಹೆಚ್ಚಿ, ಮೇಲೆ ಹೇಳಿದಂತೆ ಶಾಖ ಹುಟ್ಟುತ್ತದೆ. ಆದಕಾರಣ ಬಿಂದುಗಳನ್ನು ತೇವ ಹೊಗದ ಪೆಟ್ಟಿಗೆಗಳಲ್ಲಿಡಬೇಕು, ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕು. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತವು ಈ ನಗರವನ್ನು ಅಪ್ಪಳಿಸಿದಾಗ ಕಂಬಗಳುರುಳಿ ಅನೇಕ ದಿನ ಕತ್ತಲೆ ಕವಿದಿತ್ತು. ಆ ಬಳಿಕ ವಿಶ್ವಬ್ಯಾಂಕಿನ ನೆರವಿನಿಂದ ನಗರದ ತಂತಿಗಳನ್ನು ನೆಲದಡಿಗೆ ಇಳಿಸುವ ಕಾರ್ಯ ಕೈಗೊಳ್ಳಲಾಯಿತು. ಚಂಡಮಾರುತದ ನಾಡಿನಲ್ಲಿ ನೆಲಮಾಳಿಗೆಗೆ ನೀರು ನುಗ್ಗುವ ಸಂಭವವಿರುವುದರಿಂದ ಬಿಂದುಗಳು ನೆಲದಿಂದ ಎತ್ತರದಲ್ಲಿರಬೇಕು. ಮುಖ್ಯವಾಗಿ, ಸೋರಿಕೆಯನ್ನು ಗುರುತಿಸಿ ಪ್ರವಾಹವನ್ನು ಕಡಿಯುವ ಉಪಕರಣ ಇರಲೇಬೇಕು. ಹೋದ ವಿದ್ಯುತ್ತಿಗೂ ಮರಳಿ ಬಂದ ವಿದ್ಯುತ್ತಿಗೂ ಅದು ಸದಾ ತಾಳೆನೋಡುತ್ತಿರುತ್ತದೆ. ವ್ಯತ್ಯಾಸವು 30 ಮಿಲಿಆಂಪೇರ್ ಮುಟ್ಟಿತೆಂದರೆ, ಉಳಿದುದು ಯಾರದೋ ದೇಹದ ಮೂಲಕ ಭೂಮಿಗೆ ಹರಿಯುತ್ತಿರಬಹುದೆಂದು ತಿಳಿದು, ಕಣ್ಣುಮಿಟುಕಿಸುವುದರೊಳಗೆ ಪ್ರವಾಹವನ್ನು ನಿಲ್ಲಿಸುತ್ತದೆ.

ಈ ವಿದ್ಯುತ್ತು ಎಲ್ಲಿಂದ ಬರುತ್ತದೆಂಬುದನ್ನೂ ಮರೆಯಬಾರದು. ಕನ್ನಡಿಗರಿಗೆ ಈ ವಿಷಯದಲ್ಲಿ ಹೆಮ್ಮೆಪಡುವ ಇತಿಹಾಸವಿದೆ. 1902ರಲ್ಲಿ ಶಿವನಸಮುದ್ರದ ಕಾವೇರಿಯ ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಬೆಂಗಳೂರಿನಲ್ಲಿಯೇ 2001ರಲ್ಲಿ ‘ರೇವಾ’ ಎಂಬ ವಿದ್ಯುತ್ ಕಾರು ಮಾರಾಟಕ್ಕೆ ಬಂದಿತು; 2017ರಲ್ಲಿ ವಿದ್ಯುದ್ವಾಹನ ನೀತಿಯನ್ನು ಪ್ರಕಟಿಸಿ ಕರ್ನಾಟಕವು ದೇಶಕ್ಕೆ ಮೊದಲಿಗನಾಯಿತು. ಆಂಧ್ರ ಪ್ರದೇಶವು 2018ರಲ್ಲಿ ತನ್ನ ನೀತಿಯನ್ನೂ 2024ರಲ್ಲಿ ಮತ್ತೊಂದು ಹೊಸ ನೀತಿಯನ್ನೂ ಹೊರಡಿಸಿತು. ವಿಶಾಖಪಟ್ಟಣದ ಸಮೀಪದ ಪರವಾಡದಲ್ಲಿ 2,000 ಮೆಗಾವಾಟಿನ ಸಿಂಹಾದ್ರಿ ಸ್ಥಾವರವು ಕಲ್ಲಿದ್ದಲನ್ನು ಉರಿಸಿ ವಿದ್ಯುತ್ತನ್ನು ಉತ್ಪಾದಿಸುತ್ತದೆ. ಅದರ ಜಲಾಶಯದ ಮೇಲೆಯೇ 2021ರಲ್ಲಿ 25 ಮೆಗಾವಾಟಿನ ತೇಲುವ ಸೌರಫಲಕಗಳನ್ನು ಹಾಸಲಾಯಿತು. ಆದುದರಿಂದ ವಿದ್ಯುದ್ವಾಹನವು ಹೊಗೆಯನ್ನು ಸಂಪೂರ್ಣವಾಗಿ ಅಳಿಸಿಬಿಡುವುದೆಂದು ನಾವು ಹೇಳಲಾರೆವು. ನಮ್ಮ ಬೀದಿಯ ಹೊಗೆ ನಿಲ್ಲುತ್ತದೆ. ದೂರದ ಚಿಮಣಿಯ ಹೊಗೆ, ಕಲ್ಲಿದ್ದಲು ತಗ್ಗಿ ಸೂರ್ಯನ ಪಾಲು ಹೆಚ್ಚಿದಂತೆ, ಕ್ರಮೇಣ ಕಡಿಮೆಯಾಗುತ್ತದೆ.

ಇನ್ನು ಕಾನೂನಿನ ಒಂದು ಸೂಕ್ಷ್ಮ. ಮಾದರಿ ಉಪವಿಧಿಯು ಮಾದರಿಯೇ ಹೊರತು ತಾನಾಗಿಯೇ ಕಾನೂನಲ್ಲ. ರಾಜ್ಯವು ತನ್ನ ಕಟ್ಟಡ ನಿಯಮಗಳಲ್ಲಿ ಅದನ್ನು ಸೇರಿಸಿಕೊಂಡು, ನಕ್ಷೆಗೆ ಅನುಮತಿ ಕೊಡುವ ನಗರಸಭೆಯು ಅದನ್ನು ಪಾಲಿಸಿ ನೋಡಿದಾಗ ಮಾತ್ರ ಅದಕ್ಕೆ ಬಲ ಬರುವುದು. ಅದೂ ಹೊಸ ಕಟ್ಟಡಗಳಿಗೆ. ಹಾಗಾದರೆ ಹಳೆಯ ಮನೆಗಳಲ್ಲಿರುವವರ ಗತಿಯೇನು? 2022ರ ಜನವರಿಯ ಕೇಂದ್ರದ ಮಾರ್ಗಸೂಚಿಯು, ವಾಹನದ ಒಡೆಯನು ತನ್ನ ಮನೆಯ ಈಗಿರುವ ವಿದ್ಯುತ್ ಸಂಪರ್ಕದಿಂದಲೇ ವಾಹನವನ್ನು ಚಾರ್ಜುಮಾಡಬಹುದೆಂದು ಹೇಳಿತು. 2024ರ ಫೆಬ್ರವರಿಯಲ್ಲಿ ತಿದ್ದಿದ ಗ್ರಾಹಕರ ಹಕ್ಕುಗಳ ನಿಯಮಗಳ ಪ್ರಕಾರ, ವಾಹನದ ಚಾರ್ಜಿಗೆಂದೇ ಪ್ರತ್ಯೇಕ ಸಂಪರ್ಕವನ್ನೂ ಕೇಳಿ ಪಡೆಯಬಹುದು. ಹಕ್ಕು ಹೀಗೆ ಕಾಗದದ ಮೇಲಿದೆ. ಆದರೆ ಬಾಡಿಗೆಯವನಿಗೆ ಗೋಡೆಯ ಮೇಲೆ ಮೊಳೆ ಹೊಡೆಯುವುದಕ್ಕೂ ಒಡೆಯನ ಅನುಮತಿ ಬೇಕೆಂಬುದನ್ನು, ಪರಸ್ಥಳದಿಂದ ಬಂದು ಬಾಡಿಗೆಯ ಮನೆಗಳಲ್ಲಿಯೇ ಬಾಳುವ ನಮ್ಮಂತಹವರು ಚೆನ್ನಾಗಿ ಬಲ್ಲೆವು.

ನಮ್ಮ ಚಿಂತೆಯೆಲ್ಲ ಇರುವುದು ಇಲ್ಲಿಯೇ. ಋಷಿಕೊಂಡದ ಹೊಸ ಸೌಧದಲ್ಲಿ ಮನೆ ಕೊಳ್ಳಬಲ್ಲವನು ಅಗ್ಗದ ದರದ ವಿದ್ಯುತ್ತಿನಿಂದ ಮನೆಯಲ್ಲಿಯೇ ಕಾರನ್ನು ತುಂಬಿಕೊಳ್ಳುವನು. ದಿನವಿಡೀ ಓಡಿ ಅನ್ನ ಸಂಪಾದಿಸುವ ಸ್ಕೂಟರಿನವನೂ ಆಟೋದವನೂ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳ ಮುಂದೆ ಹೆಚ್ಚು ಬೆಲೆ ತೆತ್ತು, ದುಡಿಮೆಯ ಹೊತ್ತನ್ನು ಕಳೆದುಕೊಂಡು ಕಾಯಬೇಕಾಗುವುದು. ನಗರದಲ್ಲಿ ಮೂರು ಕಿಲೋಮೀಟರ್ ಉದ್ದಗಲದ ಪ್ರತಿ ಚೌಕಕ್ಕೂ ಒಂದು ಸಾರ್ವಜನಿಕ ಕೇಂದ್ರವಿರಬೇಕೆಂದು 2018ರ ಡಿಸೆಂಬರ್ ತಿಂಗಳ ಮಾರ್ಗಸೂಚಿಯು ಆಶಿಸಿದ್ದು ಇಂತಹವರಿಗಾಗಿಯೂ ಹೌದು. ಹೊಸ ಯಂತ್ರವು ಬಂದಾಗ ಅದರ ಲಾಭವು ಯಾರಿಗೆ ಮೊದಲು ತಲುಪುವುದೆಂಬುದನ್ನು ಬಹುಮಟ್ಟಿಗೆ ಗೋಡೆಯೊಳಗಿನ ಒಂದು ಕೊಳವೆಯು ನಿರ್ಧರಿಸುತ್ತದೆಯೆಂದರೆ ಆಶ್ಚರ್ಯವಲ್ಲವೇ?

ನಮ್ಮ ಕಟ್ಟಡದ ತರುಣನ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆವು. ಅಪ್ಪಣೆಯಾದ ಮೇಲೆ ಅವನು ಕೆಲವು ದಿನ ಮಿತ್ರನೊಬ್ಬನ ಅಂಗಡಿಯಲ್ಲಿ ಸ್ಕೂಟರನ್ನು ನಿಲ್ಲಿಸುತ್ತಿದ್ದನು. ಬಳಿಕ ನಾವೂ ಮತ್ತಿಬ್ಬರು ಬಾಡಿಗೆದಾರರೂ ಒಡೆಯರ ಸಭೆಗೆ ಹೋಗಿ, ಮೇಲೆ ಬರೆದ ಲೆಕ್ಕಗಳನ್ನೇ ಒಂದು ಹಾಳೆಯಲ್ಲಿ ಬರೆದು ಮುಂದಿಟ್ಟೆವು. ಎರಡು ಸಭೆಗಳಲ್ಲಿ ಮಾತು ಮುಂದುವರಿಯಲಿಲ್ಲ. ಮೂರನೆಯದರಲ್ಲಿ, ಪರವಾನಗಿಯುಳ್ಳ ವಿದ್ಯುತ್ ಕೆಲಸಗಾರನಿಂದ ನೆಲದಂತಸ್ತಿನಲ್ಲಿ ಪ್ರತ್ಯೇಕ ಮೀಟರಿನ ಎರಡು ಬಿಂದುಗಳನ್ನು ಹಾಕಿಸಲು ಒಪ್ಪಿದರು. ಅಷ್ಟರೊಳಗೆ ಆ ತರುಣನು ಮನೆಯನ್ನು ಬದಲಾಯಿಸಿ ಹೋಗಿಬಿಟ್ಟಿದ್ದನು. ಇಂದು ಆ ಬಿಂದುಗಳನ್ನು ಬೇರೆಯವರು ಉಪಯೋಗಿಸುತ್ತಿದ್ದಾರೆ. ಅವನಿಗೆ ಸಕಾಲದಲ್ಲಿ ಒದಗಲಿಲ್ಲವೆಂಬ ನೋವು ನಮಗೆ ಉಳಿದಿದೆ.

ಪ್ರಿಯ ವಿದ್ಯಾರ್ಥಿಗಳೇ, ಈ ರಜೆಯಲ್ಲಿ ನಿಮ್ಮ ಕಟ್ಟಡದ ವಾಹನಗಳ ನೆಲೆಯನ್ನು ಒಮ್ಮೆ ನೋಡಿರಿ. ಎಷ್ಟು ವಾಹನಗಳು ನಿಲ್ಲುತ್ತವೆ, ಅವುಗಳಲ್ಲಿ ವಿದ್ಯುತ್ತಿನವು ಎಷ್ಟು, ಬಿಂದುಗಳು ಎಷ್ಟು, ಮೇಲಿನಿಂದ ಇಳಿಬಿಟ್ಟ ತಂತಿಗಳು ಎಷ್ಟು ಎಂಬುದನ್ನು ಬರೆದುಕೊಳ್ಳಿರಿ. ಯಾವ ಸಾಕೆಟ್ಟನ್ನೂ ಮುಟ್ಟದಿರಿ. ಕಣ್ಣಿನಿಂದ ಮಾತ್ರ ಪರೀಕ್ಷಿಸಿರಿ. ಆ ಲೆಕ್ಕವನ್ನು ಮನೆಯ ಹಿರಿಯರಿಗೆ ತೋರಿಸಿರಿ. ನಿಮ್ಮಲ್ಲಿ ಕೆಲವರು ಮುಂದೆ ಇಂಜಿನಿಯರರಾಗುವಿರಿ, ಕೆಲವರು ಮನೆ ಕಟ್ಟಿಸುವಿರಿ, ಕೆಲವರು ನಗರಸಭೆಯಲ್ಲಿ ಕುಳಿತು ನಕ್ಷೆಗಳಿಗೆ ಸಹಿಹಾಕುವಿರಿ. ಆಗ ನಕ್ಷೆಯ ಮೂಲೆಯಲ್ಲಿ ಬೆರಳುಗಾತ್ರದ ಆ ಕೊಳವೆಯ ಗೆರೆ ಇದೆಯೇ ಎಂದು ಒಮ್ಮೆ ನೋಡಿರಿ. ಮಳೆಯ ರಾತ್ರಿಯಲ್ಲಿ ತಂತಿಯನ್ನು ಇಳಿಬಿಡುತ್ತಿರುವ ಒಬ್ಬ ಬಾಡಿಗೆಯ ತರುಣನು ನಿಮ್ಮ ನೆನಪಿಗೆ ಬರಲಿ.